ಕೊಪ್ಪಳದ ಕೋಟೆ ಹತ್ತುವವರಿಗೆ ಹಿರಿಯನ ಕಿವಿಮಾತು



ಹಂಪಿ ನೋಡುವ ಅವಸರದಲ್ಲಿ ಕೊಪ್ಪಳವನ್ನು ಹಿಂದೆ ಹಾಕಿ ಹೋಗುವವರೇ ಹೆಚ್ಚು. ಊರವರೂ ಅಷ್ಟೆ. ಸಂತೆಗೆ ಹೋಗುವಾಗ, ಮಕ್ಕಳನ್ನು ಸಾಲಿಗೆ ಬಿಡುವಾಗ ತಲೆ ಎತ್ತಿದರೆ ಕೋಟೆ ಕಾಣುತ್ತದೆ, ಆದರೆ ಹತ್ತಿ ನೋಡಿದವರು ಎಷ್ಟು ಮಂದಿ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಈ ಚಳಿಗಾಲದಲ್ಲಾದರೂ ಹತ್ತಬೇಕು ಎಂದು ಮನಸ್ಸು ಮಾಡಿದವರಿಗೆ, ಬೇರೆ ಊರಿಂದ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬರುವವರಿಗೆ ನಾನು ಮೊದಲು ಹೇಳುವುದು ಒಂದೇ: ಈ ಕೋಟೆಗೆ ಒಂದು ಇಡೀ ಮುಂಜಾನೆ ಕೊಡಿ. ಅರ್ಧ ತಾಸಿನಲ್ಲಿ ನಾಲ್ಕು ಫೋಟೊ ತೆಗೆದುಕೊಂಡು ಇಳಿದರೆ ಕಲ್ಲು ಕಂಡೀತು, ಕೋಟೆ ಕಾಣಲಾರದು. ಮಿಕ್ಕ ಮಾತುಗಳು ಕೆಳಗಿವೆ.

• ನವೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಬನ್ನಿ. ಮಾರ್ಚ್ ಕಾಲಿಟ್ಟರೆ ನಮ್ಮ ಕಡೆ ಬಿಸಿಲು ಬಿಸಿಲೇ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಗುಡ್ಡವೆಲ್ಲ ಬಂಡೆಯಾದ್ದರಿಂದ ಹೊತ್ತು ಮುಳುಗಿದ ಮೇಲೂ ಕಲ್ಲು ಕಾವು ಬಿಡುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ಚಂದ ಕಾಣುತ್ತದೆ ನಿಜ, ಆದರೆ ಮಳೆ ಬಿದ್ದ ಬಂಡೆಯ ಮೇಲೆ ಪಾಚಿ ಕಟ್ಟಿ ಕಾಲು ಜಾರುತ್ತದೆ, ಬೆಳೆದ ಹುಲ್ಲಿನಲ್ಲಿ ಹಾವು ಇದ್ದರೂ ತಿಳಿಯುವುದಿಲ್ಲ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಆಗ ಬೇಡವೇ ಬೇಡ.

• ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ. ಪುಷ್ಯ ಮಾಸದ ಲೆಕ್ಕದಲ್ಲಿ ಬರುವುದರಿಂದ ತಾರೀಖು ವರ್ಷ ವರ್ಷಕ್ಕೆ ಹಿಂದೆ ಮುಂದೆ ಆಗುತ್ತದೆ, ಮೊದಲೇ ಕೇಳಿ ತಿಳಿದುಕೊಳ್ಳಿ. ರಥೋತ್ಸವದ ದಿನ ಲಕ್ಷಗಟ್ಟಲೆ ಜನ ಸೇರುತ್ತಾರೆ, ಊರ ತುಂಬ ಕಾಲಿಡಲು ಜಾಗವಿರುವುದಿಲ್ಲ, ಲಾಡ್ಜಿನಲ್ಲಿ ರೂಮು ಸಿಗುವುದಿಲ್ಲ. ಕೋಟೆಯನ್ನು ಸಾವಕಾಶ ನೋಡುವ ಇರಾದೆ ಇದ್ದವರು ಆ ವಾರ ತಪ್ಪಿಸಿ. ಜಾತ್ರೆಗೇ ಬಂದವರು ಜಾತ್ರೆಯನ್ನೇ ಮನಸ್ಸು ಕೊಟ್ಟು ಮಾಡಿ. ಸುತ್ತಲಿನ ಹಳ್ಳಿಹಳ್ಳಿಯ ಹೆಣ್ಣುಮಕ್ಕಳು ತಮ್ಮ ಮನೆಯಲ್ಲಿ ಬಡಿದು ಕಳಿಸಿದ ಜೋಳದ ರೊಟ್ಟಿ ಮಹಾದಾಸೋಹದ ಎಲೆಗೆ ಬೀಳುತ್ತದೆ. ಆ ಪಂಕ್ತಿಯಲ್ಲಿ ಕೂತು ಉಣ್ಣದೆ ಹೋಗಬೇಡಿ.

• ಮುಂಜಾನೆ ಬೆಳಕು ಹರಿಯುತ್ತಲೇ ಕೋಟೆ ಬುಡದಲ್ಲಿರಿ. ಹತ್ತು ಗಂಟೆಗೆ ಇಳಿಯಲು ಶುರು ಮಾಡಿ. ಸಂಜೆ ಹತ್ತುವವರಿದ್ದಾರೆ, ಸೂರ್ಯ ಮುಳುಗುವುದು ನೋಡಬೇಕು ಎನ್ನುತ್ತಾರೆ. ಮುಳುಗಿದ ಮೇಲೆ ಆ ಕಲ್ಲುಹಾದಿಯಲ್ಲಿ ಕತ್ತಲಲ್ಲಿ ಇಳಿಯಬೇಕಲ್ಲ, ಅದನ್ನು ಲೆಕ್ಕ ಹಾಕಿರುವುದಿಲ್ಲ.

• ಬರುವ ಹಾದಿ ಸುಲಭವಾಗಿದೆ. ಹುಬ್ಬಳ್ಳಿ–ಗುಂತಕಲ್ ರೈಲುಮಾರ್ಗದಲ್ಲಿ ಗದಗ ಮತ್ತು ಹೊಸಪೇಟೆ ನಡುವೆ ಕೊಪ್ಪಳ. ಬೆಂಗಳೂರು, ಮೈಸೂರಿನವರಿಗೆ ಹಂಪಿ ಎಕ್ಸ್‌ಪ್ರೆಸ್ ಅನುಕೂಲ, ರಾತ್ರಿ ಮಲಗಿ ಬೆಳಿಗ್ಗೆ ಇಳಿಯಬಹುದು. ಆದರೆ ಅಂದೇ ಬಿಸಿಲೇರುವ ಹೊತ್ತಿಗೆ ಹತ್ತಲು ಓಡಬೇಡಿ. ಆ ದಿನ ಇಟಗಿ, ಕುಕನೂರಿನ ಗುಡಿಗಳನ್ನು ನೋಡಿ ಬಂದು ರಾತ್ರಿ ಕೊಪ್ಪಳದಲ್ಲಿ ತಂಗಿ ಮರುದಿನ ಮುಂಜಾನೆ ಹತ್ತಿ. ಗಂಗಾವತಿ, ಕಾರಟಗಿ ಕಡೆಯವರಿಗೆ ಈಗ ಗಿಣಿಗೇರಾ ಮೂಲಕ ರೈಲೂ ಇದೆ. ಕುಷ್ಟಗಿ, ಯಲಬುರ್ಗಾದವರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸೇ ಸರಿ. ಹೆಣ್ಣುಮಕ್ಕಳು ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲದೆ ಬರಬಹುದು, ಗುರುತಿನ ಚೀಟಿ ಚೀಲದಲ್ಲಿರಲಿ.

• ಜವಾಹರ ರಸ್ತೆ, ಗಡಿಯಾರ ಕಂಬ ಎಂದು ಕೇಳುತ್ತ ಹಳೇ ಊರಿನೊಳಕ್ಕೆ ನಡೆಯಿರಿ. ಕಾರು ಇದ್ದರೆ ಅದನ್ನು ಅಗಲ ರಸ್ತೆಯಲ್ಲೇ ಬಿಡಿ. ಕೋಟೆ ಹತ್ತಿರದ ಓಣಿಗಳು ಎತ್ತಿನ ಬಂಡಿಯ ಕಾಲದವು, ಅಲ್ಲಿ ಒಂದು ಕಾರು ಸಿಕ್ಕಿಕೊಂಡರೆ ಓಣಿಯ ಜನರೆಲ್ಲ ನಿಂತು ಕಾಯಬೇಕು. ಹಾದಿ ತಿಳಿಯದಿದ್ದರೆ ಮೊಬೈಲ್ ನೋಡುತ್ತ ಅವರಿವರ ಅಂಗಳ ದಾಟಬೇಡಿ. ಕಟ್ಟೆ ಮೇಲೆ ಕೂತ ತಾಯಿಯನ್ನು "ಯಕ್ಕಾ, ಕೋಟಿಗೆ ಹಾದಿ ಯಾವದ್ರಿ?" ಎಂದು ಕೇಳಿ. ಹಾದಿಯ ಜೊತೆಗೆ ಎಲ್ಲಿ ಹೆಜ್ಜೆ ನೋಡಿ ಇಡಬೇಕು, ಎಲ್ಲಿ ಜೇನು ಕಟ್ಟಿದೆ ಎಂಬುದನ್ನೂ ಹೇಳುತ್ತಾಳೆ. ಈ ಓಣಿಯವರೇ ನಮ್ಮ ಕೋಟೆಯ ನೆರೆಹೊರೆಯವರು. ಬಟ್ಟೆ ಒಗೆಯುವವರ, ನೀರು ತುಂಬುವವರ ಫೋಟೊ ಕೇಳದೆ ತೆಗೆಯುವುದು ಸಲ್ಲದು.

• ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿಯೂ ಊರ ನಡುವಿನ ಬಂಡೆಗುಡ್ಡದ ಮೇಲೆಯೇ ಕೋಟೆ. ಅಲ್ಲಿ ಟಿಕೆಟ್ ಕಟ್ಟೆ ಇದೆ, ಕಟಾಂಜನ ಇದೆ, ವಿವರ ಹೇಳುವವರಿದ್ದಾರೆ, 1861ರಿಂದ ಮಧ್ಯಾಹ್ನ ಒಂದು ಗಂಟೆಗೆ ತೋಪು ಹಾರಿಸುವ ಪದ್ಧತಿಯೂ ಇದೆ. ಅಂಥ ಏರ್ಪಾಡು ಇರುತ್ತದೆ ಎಂದು ನೆಚ್ಚಿಕೊಂಡು ಇಲ್ಲಿಗೆ ಬರಬೇಡಿ. ಗುಡ್ಡದ ಮೇಲೆ ಅಂಗಡಿ ಇಲ್ಲ, ಕುಡಿಯುವ ನೀರಿಲ್ಲ. ಬೇಕಾದ್ದನ್ನೆಲ್ಲ ನೀವೇ ಹೊತ್ತೊಯ್ಯಬೇಕು, ಉಳಿದದ್ದನ್ನೆಲ್ಲ ನೀವೇ ಇಳಿಸಿ ತರಬೇಕು.

• ತಲಾ ಎರಡು ಲೀಟರ್ ನೀರು. ಒಂದು ಬಾಟಲಿ ಉಪ್ಪು ಹಾಕಿದ ಮಜ್ಜಿಗೆ ಇದ್ದರೆ ಇನ್ನೂ ಒಳ್ಳೆಯದು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಸಾಕು. ಎಣ್ಣೆ ಜಾಸ್ತಿ ಇರುವುದನ್ನು ತಿಂದು ಹತ್ತಿದರೆ ದಮ್ಮು ಬೇಗ ಬರುತ್ತದೆ. ಕಾಲಿಗೆ ತಳ ಸವೆಯದ ಬೂಟು, ಮೈಗೆ ನೂಲಿನ ಬಟ್ಟೆ, ತಲೆಗೆ ಟವೆಲ್ಲು. ಹೊಸ ಚಪ್ಪಲಿ ಆ ದಿನವೇ ಹಾಕಿಕೊಳ್ಳಬೇಡಿ.

• ಹತ್ತುವ ಮುನ್ನ ಕೆಳಗೆ ನಿಂತು ಒಂದು ಗಳಿಗೆ ಮೇಲೆ ನೋಡಿ. ಇಲ್ಲಿರುವುದು ಎರಡು ಕೋಟೆ, ಕೆಳಕೋಟೆ ಮತ್ತು ಮೇಲ್ಕೋಟೆ. ಸುತ್ತಲಿನ ಬಯಲಿಂದ ಸುಮಾರು 400 ಅಡಿ ಎದ್ದು ನಿಂತ ಒಂಟಿ ಬಂಡೆಗುಡ್ಡದ ನೆತ್ತಿಯ ಮೇಲೆ ಮೇಲ್ಕೋಟೆ ಇದೆ. ಗುಡ್ಡದ ಕಡಿದಾದ ಮೈಯೇ ಅರ್ಧ ಗೋಡೆಯ ಕೆಲಸ ಮಾಡಿದೆ. ಬಂಡೆ ಬಿಟ್ಟ ಸಂದಿನಲ್ಲಿ, ಶತ್ರು ನುಸುಳಬಹುದಾದ ಕಡೆ ಮಾತ್ರ ಕಟ್ಟಿದವರು ಕಲ್ಲಿಟ್ಟು ಮುಚ್ಚಿದ್ದಾರೆ. ಹತ್ತುತ್ತ ಹೋದಂತೆ ಎಲ್ಲಿ ಬಂಡೆ ನಿಲ್ಲುತ್ತದೆ, ಎಲ್ಲಿ ಗೋಡೆ ಶುರುವಾಗುತ್ತದೆ ಎಂದು ಗುರುತಿಸುತ್ತ ನಡೆಯಿರಿ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಬೇರೆ ಬೇಡ.

• ಗೋಡೆಯ ಕಲ್ಲಿಗೆ ಹತ್ತಿರ ಹೋಗಿ, ಕೈಯಿಟ್ಟು ನೋಡಿ. ಸುತ್ತಲಿನ ದೊಡ್ಡ ಗುಂಡುಗಳ ಅಂಚಿನಲ್ಲಿ ಒಂದೇ ಸಾಲಿನಲ್ಲಿ ಬೆರಳುದ್ದದ ಚೌಕ ತೂತುಗಳು ಕಂಡರೆ ಅಲ್ಲಿ ಕೂತುಬಿಡಿ. ಕಲ್ಲು ಒಡೆಯುವವರ ಕೈಗುರುತು ಅವು. ಚಾಣದಿಂದ ಸಾಲಾಗಿ ತೂತು ಕೊರೆದು, ಅದರಲ್ಲಿ ಬೆಣೆ ಬಡಿದು, ಆನೆಗಾತ್ರದ ಗುಂಡನ್ನು ಗೀಟು ಎಳೆದಂತೆ ಸೀಳುತ್ತಿದ್ದರು. ಸೀಳಿದ ಚಪ್ಪಡಿಯ ಅಂಚಿನಲ್ಲಿ ಅರ್ಧ ತೂತು ಉಳಿಯುತ್ತದೆ, ಮಿಕ್ಕ ಅರ್ಧ ಅದರ ಜೋಡಿ ಕಲ್ಲಿನಲ್ಲಿ. ಕೋಟೆಯ ಕಲ್ಲು ದೂರದಿಂದ ಬಂದದ್ದಲ್ಲ, ಗುಡ್ಡವೇ ಕೊಟ್ಟದ್ದು. ಕೆಲವು ಸಾಲು ಅರ್ಧಕ್ಕೇ ನಿಂತಿರುತ್ತವೆ. ಬೆಣೆ ಬಡಿಯಲು ಬಂದವನು ಯಾಕೆ ಬಿಟ್ಟು ಹೋದ, ಬಂಡೆಯ ಎಳೆ ಸರಿ ಬರಲಿಲ್ಲವೋ, ಯುದ್ಧ ಬಂತೋ ಎಂದು ಯೋಚಿಸುತ್ತ ನಾನು ಅಲ್ಲಿ ಎಷ್ಟೋ ಹೊತ್ತು ಕೂತದ್ದುಂಟು.

• ಹಾದಿ ಯಾಕೆ ಇಷ್ಟು ಸುತ್ತು ಹಾಕುತ್ತದೆ ಎಂದು ಬೇಸರಪಡಬೇಡಿ. ನೇರ ಹಾದಿ ಇದ್ದರೆ ಆನೆ ಓಡಿಬಂದು ಬಾಗಿಲಿಗೆ ಗುದ್ದುತ್ತದೆ. ಅದಕ್ಕೇ ಕೋಟೆ ಕಟ್ಟುವವರು ಹಾದಿಯನ್ನು ಬಾಗಿಲ ಮುಂದೆಯೇ ತಿರುಗಿಸಿ, ತಿರುವಿನ ಮೇಲೆ ಹುಡೇವು (ಕೊತ್ತಳ) ಕಟ್ಟುತ್ತಿದ್ದರು. ತಿರುವಿನಲ್ಲಿ ನಿಂತು ಮೇಲೆ ನೋಡಿ. ಗೋಡೆಯ ತೆನೆಗಳ ನಡುವಿನ ಬಂದೂಕಿನ ಕಿಂಡಿ ನೇರವಾಗಿ ನೀವು ನಿಂತ ಜಾಗಕ್ಕೇ ಮುಖ ಮಾಡಿರುತ್ತದೆ. ಮೇಲೆ ಹೋದ ಮೇಲೆ ಅದೇ ಕಿಂಡಿಯ ಹಿಂದೆ ನಿಂತು ಕೆಳಗೆ ನೋಡಿ, ಹೊರಗಿನವನಿಗೆ ಬೆರಳಗಲದ ಸೀಳು, ಒಳಗಿನವನಿಗೆ ಇಡೀ ಹಾದಿ. ಎರಡೂ ಕಡೆ ನಿಂತು ನೋಡಿದ ಹುಡುಗ ಕೋಟೆ ಅಂದರೇನು ಎಂಬುದನ್ನು ಪುಸ್ತಕದ ಹಂಗಿಲ್ಲದೆ ಕಲಿಯುತ್ತಾನೆ.

• ನೀರಿನ ಹೊಂಡಗಳನ್ನು ಹುಡುಕಿ. ಕೋಟೆಗೆ ಗೋಡೆಗಿಂತ ನೀರು ಮುಖ್ಯ. ಬಾವಿ ತೋಡಲು ಬಾರದ ಬಂಡೆಯ ಮೇಲೆ ಮಳೆನೀರು ಹಿಡಿದಿಟ್ಟುಕೊಂಡೇ ತಿಂಗಳುಗಟ್ಟಲೆ ಮುತ್ತಿಗೆ ತಡೆಯಬೇಕು. ಹೊಂಡದ ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ. ಈಜಲು ಇಳಿಯುವುದಂತೂ ಕೂಡದು, ಆಳ ಕಣ್ಣಿಗೆ ತಿಳಿಯುವುದಿಲ್ಲ.

• ಈ ಕೋಟೆಯ ಕತೆಯನ್ನು ತುಸುವಾದರೂ ತಿಳಿದು ಹತ್ತಿ. ನನ್ನ ಲೆಕ್ಕದಲ್ಲಿ ಮೂರು ವರ್ಷಗಳು ಬಾಯಲ್ಲಿರಬೇಕು.

ಮೊದಲನೆಯದು 1786. ಆ ವರ್ಷ ಟಿಪ್ಪು ಸುಲ್ತಾನ ಪಾಳೆಯಗಾರನ ಕೈಯಿಂದ ಈ ಕೋಟೆಯನ್ನು ತೆಗೆದುಕೊಂಡು ಫ್ರೆಂಚ್ ಎಂಜಿನಿಯರುಗಳ ಕೈಯಲ್ಲಿ ಬಲಪಡಿಸಿದ. ನಾಲ್ಕು ವರ್ಷದಲ್ಲೇ ಅದಕ್ಕೆ ಪರೀಕ್ಷೆ ಬಂತು. ಮೂರನೆಯ ಮೈಸೂರು ಯುದ್ಧದಲ್ಲಿ ನಿಜಾಮನ ದಂಡು, ಜೊತೆಗೆ ಇಂಗ್ಲಿಷರ ಪಡೆ ಬಂದು 1790ರಲ್ಲಿ ಮುತ್ತಿಗೆ ಹಾಕಿತು. ತಿಂಗಳುಗಟ್ಟಲೆ ತೋಪು ಹೊಡೆದರೂ ಕೋಟೆ ಬಗ್ಗಲಿಲ್ಲ. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಬಿದ್ದ ಸುದ್ದಿ ಬಂದ ಮೇಲೆ, ಏಪ್ರಿಲ್‌ನಲ್ಲಿ, ಒಳಗಿದ್ದವರು ಕೋಟೆ ಬಿಟ್ಟುಕೊಟ್ಟರು. ಆ ಮುತ್ತಿಗೆಯ ದಂಡಿನಲ್ಲಿ ಜಾನ್ ಮಾಲ್ಕಂ ಎಂಬ ಇಪ್ಪತ್ತೊಂದರ ಹುಡುಗನಿದ್ದ, ಸ್ಕಾಟ್ಲೆಂಡಿನವ. ತಾನು ಹಿಂದುಸ್ಥಾನದಲ್ಲಿ ಕಂಡ ಕೋಟೆಗಳಲ್ಲೆಲ್ಲ ಇದೇ ಗಟ್ಟಿ ಎಂದು ಆತ ಹೇಳಿದ್ದನ್ನು ಹಳೆಯ ಗೆಜೆಟಿಯರ್ ಬರೆದಿಟ್ಟಿದೆ. ಪಾರ್ಸಿ ಭಾಷೆ ಕಲಿಯುವ ಹುಚ್ಚು ಆತನಿಗೆ ಹತ್ತಿದ್ದು ಈ ದಂಡಿನ ಬಿಡಾರದಲ್ಲೇ. ಮುಂದೆ ಇರಾನಿಗೆ ರಾಯಭಾರಿಯಾದ, ಆ ದೇಶದ ಚರಿತ್ರೆ ಬರೆದ, ಕೊನೆಗೆ ಮುಂಬಯಿಯ ಗವರ್ನರನೂ ಆದ. ಹತ್ತುವಾಗ ಕಾಲು ಸೋತರೆ ನಿಂತು ಇದನ್ನು ಮಕ್ಕಳಿಗೆ ಹೇಳಿ, ದಮ್ಮು ತಿರುಗುತ್ತದೆ.

ಎರಡನೆಯದು 1819. ನಿಜಾಮನ ಆಳ್ವಿಕೆಯ ವಿರುದ್ಧ ಎದ್ದ ಜಮೀನ್ದಾರ ವೀರಪ್ಪ ಕೋಟೆಯನ್ನು ಹಿಡಿದು ಕೂತ. ಇಂಗ್ಲಿಷರು ಮತ್ತು ನಿಜಾಮರು ಕೂಡಿ ದಂಡು ತಂದೇ ಅದನ್ನು ಬಿಡಿಸಿಕೊಳ್ಳಬೇಕಾಯಿತು.

ಮೂರನೆಯದನ್ನು ಯಾರೂ ಮರೆಯಬಾರದು: 1858. ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡರು ಕಂಪನಿ ಸರಕಾರದ ವಿರುದ್ಧ ಎದ್ದರು. ಮೇ ಕೊನೆಯಲ್ಲಿ ಡಂಬಳದ ಖಜಾನೆಗೆ ಕೈ ಹಾಕಿ, ಗಡಿ ದಾಟಿ ನಿಜಾಮನ ಸೀಮೆಯ ಈ ಕೋಟೆಗೆ ಬಂದು ಸೇರಿದರು. ಅದೇ ದಿನಗಳಲ್ಲಿ ನರಗುಂದದ ಅರಸ ಬಾಬಾಸಾಹೇಬರೂ ಎದ್ದಿದ್ದರು, ಮೇ 29ರಂದು ಸುರಿಬಾನದಲ್ಲಿ ಇಂಗ್ಲಿಷರ ಅಧಿಕಾರಿ ಮ್ಯಾನ್ಸನ್ ಸಾಹೇಬನ ಕೊಲೆಯಾಗಿತ್ತು. ಹೀಗಾಗಿ ಇಂಗ್ಲಿಷರು ತಡ ಮಾಡಲಿಲ್ಲ. ಜೂನ್ 1ರಂದು ಕೊಪ್ಪಳದ ಕೋಟೆ ಬಿತ್ತು, ಭೀಮರಾಯ ತನ್ನ ಜೊತೆಗಾರರೊಂದಿಗೆ ಇಲ್ಲಿಯೇ ಹೋರಾಡಿ ಮಡಿದ. ಕೆಂಚನಗೌಡರೂ ಬದುಕುಳಿಯಲಿಲ್ಲ. ಹಿಂದೆ ನಿಜಾಮನ ದಂಡನ್ನು ಆರು ತಿಂಗಳು ತಡೆದಿದ್ದ ಕೋಟೆ ಅವರಿಗೆ ಆಸರೆಯಾಗಿ ಉಳಿದದ್ದು ಕೆಲವೇ ದಿನ. ಕಲ್ಲು ಅದೇ ಇತ್ತು, ಒಳಗೆ ದಂಡು ಸಾಲದಾಗಿತ್ತು. ಮೇಲೆ ಹೋದಾಗ ಕೇಕೆ ಹಾಕುವ ಹುಡುಗರಿಗೆ ಇದನ್ನು ಹೇಳಿ, ಅವರೇ ಸುಮ್ಮನಾಗುತ್ತಾರೆ.

• ಕೇಕೆ ಹಾಕಬಾರದೆನ್ನಲು ಇನ್ನೊಂದು ಕಾರಣ ಹೆಜ್ಜೇನು. ಇಂಥ ಎತ್ತರದ ಬಂಡೆಗಳ ಅಡಿಯಲ್ಲಿ ಜೇನು ಕಟ್ಟುತ್ತದೆ. ಗದ್ದಲ, ಹೊಗೆ, ಕಲ್ಲೇಟು, ಅತ್ತರಿನ ಘಾಟು ಯಾವುದೂ ಅದಕ್ಕೆ ಆಗದು. ಬೀಡಿ ಸಿಗರೇಟು ಕೆಳಗೇ ಬಿಟ್ಟು ಬನ್ನಿ. ಜೇನು ಎದ್ದರೆ ಮುಖ ಮುಚ್ಚಿಕೊಂಡು ಸರಸರ ದೂರ ಸರಿಯಿರಿ, ಕೈ ಬೀಸುತ್ತ ನಿಲ್ಲಬೇಡಿ. ಹಾಗೆಂದು ಬಂಡೆಯ ಅಂಚಿನ ಕಡೆ ಓಡಲೂಬಾರದು. ಕಡಿಸಿಕೊಂಡವರನ್ನು ತಡ ಮಾಡದೆ ಇಳಿಸಿ 108ಕ್ಕೆ ಫೋನ್ ಮಾಡಿ. ಜಿಲ್ಲಾ ಆಸ್ಪತ್ರೆ ಊರಲ್ಲೇ ಇದೆ.

• ಮಂಗಗಳಿಗೆ ತಿನ್ನಲು ಕೊಡಬೇಡಿ. ಇವತ್ತು ನೀವು ಕೊಟ್ಟ ಬಾಳೆಹಣ್ಣಿನ ಆಸೆಗೆ ನಾಳೆ ಇನ್ನೊಬ್ಬರ ಮಗುವಿನ ಕೈಗೆ ಮಂಗ ಹಾರುತ್ತದೆ. ನಮ್ಮ ಜಿಲ್ಲೆಯ ಕಲ್ಲುಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಆನೆಗೊಂದಿ ಕಡೆ 2020ರಲ್ಲಿ ಚಿರತೆ ದಾಳಿಯಿಂದ ಜೀವ ಹೋದದ್ದೂ ಉಂಟು. ಕೋಟೆ ಊರೊಳಗಿದೆ ಎಂಬ ಧೈರ್ಯದಲ್ಲಿ ಗುಡ್ಡದ ಹಿಂಬದಿಯ ಗವಿಗಳಿಗೆ ಇಣುಕುವುದು, ಒಬ್ಬೊಬ್ಬರೇ ಅಲೆಯುವುದು ಬೇಡ.

• ಏಪ್ರಿಲ್, ಮೇ ತಿಂಗಳಲ್ಲಿ ಬಂದೇ ತೀರುತ್ತೇವೆ ಎನ್ನುವವರು ಮಧ್ಯಾಹ್ನದ ಮೋಡದ ಮೇಲೆ ಕಣ್ಣಿಡಿ. ಆ ದಿನಗಳ ಅಡ್ಡಮಳೆಗೆ ಸಿಡಿಲು ಜಾಸ್ತಿ. ಬೋಳು ಬಂಡೆಯ ನೆತ್ತಿ ಆಗ ನಿಲ್ಲುವ ಜಾಗವಲ್ಲ, ಒಂಟಿ ಮರದ ಬುಡವಂತೂ ಮೊದಲೇ ಅಲ್ಲ. ಮೊದಲ ಗುಡುಗಿಗೇ ಇಳಿಯಿರಿ.

• ಮೊಣಕಾಲು ನೋವಿರುವ ಹಿರಿಯರನ್ನು ಒತ್ತಾಯ ಮಾಡಿ ಹತ್ತಿಸಬೇಡಿ. ಕೆಳಕೋಟೆಯಲ್ಲೇ ನೋಡುವಷ್ಟಿದೆ. ಒಬ್ಬರು ಜೊತೆಗೆ ಕೂತು ಗೋಡೆ, ಬಾಗಿಲು ತೋರಿಸಿ ಮಾತಾಡುತ್ತಿರಲಿ. ಬಿ.ಪಿ., ಶುಗರ್ ಗುಳಿಗೆ ತಪ್ಪಿಸಿ ಬೆಳ್ಳಂಬೆಳಿಗ್ಗೆ ಹೊರಡಿಸುವುದೂ ಬೇಡ.

• ನೆತ್ತಿಯ ಮೇಲೆ ಹೋದ ಮೇಲೆ ಕೂತು ಒಂದೊಂದೇ ದಿಕ್ಕನ್ನು ಮಕ್ಕಳಿಗೆ ತೋರಿಸಿ. ಸೂರ್ಯ ಹುಟ್ಟಿದ ಕಡೆ ಗಂಗಾವತಿ, ಅಲ್ಲಿಂದ ತುಸು ಬಲಕ್ಕೆ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು. ಉತ್ತರಕ್ಕೆ ಕುಷ್ಟಗಿ, ವಾಯವ್ಯಕ್ಕೆ ಸಿಂದ ಅರಸರ ಯಲಬುರ್ಗಾ. ಪಡುವಣಕ್ಕೆ ಗದಗು, ನೈಋತ್ಯಕ್ಕೆ ಭೀಮರಾಯನ ಮುಂಡರಗಿ. 1948ರವರೆಗೆ ಆ ಮುಂಡರಗಿ ಮುಂಬಯಿ ಪ್ರಾಂತಕ್ಕೆ ಸೇರಿದ ಊರು, ಈ ಕೊಪ್ಪಳ ಸಾಲಾರಜಂಗರ ಜಹಗೀರಾಗಿ ನಿಜಾಮನ ರಾಜ್ಯದಲ್ಲಿದ್ದ ಊರು. ರಜಾಕಾರರ ಹಾವಳಿಯ ದಿನಗಳಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ ಶಿಬಿರ ಹೂಡಿ ಹೋರಾಡಿದ್ದು ಈ ಗಡಿಯ ಕಾರಣಕ್ಕೇ. ಗಡಿ ಹಾಯ್ದ ನೆಲ ಕಣ್ಣೆದುರು ಬಿಚ್ಚಿಕೊಂಡಾಗ ಕೊಪ್ಪಳಕ್ಕೆ ಇಷ್ಟು ದಂಡು ಯಾಕೆ ಬಂತು ಎಂಬುದು ತಾನಾಗಿ ತಿಳಿಯುತ್ತದೆ.

• ಕಲ್ಲಿನ ಮೇಲೆ ಹೆಸರು ಬರೆಯಬೇಡಿ, ಬರೆಯುವವರನ್ನು ಕಂಡರೆ ಸುಮ್ಮನಿರಬೇಡಿ. ನನಗೆ ಅತಿ ನೋವು ಕೊಡುವುದು ಇದು. ಬಣ್ಣದ ಡಬ್ಬಿ ಹೊತ್ತು ಅಷ್ಟು ಎತ್ತರ ಹತ್ತಿ ಪ್ರೀತಿಯ ಹೆಸರು ಬರೆದು ಇಳಿಯುತ್ತಾರೆ. ಬಣ್ಣ ತೆಗೆಯಲು ಹೋದರೆ ಕಲ್ಲಿನ ಮೈಯೂ ಕಿತ್ತು ಬರುತ್ತದೆ. ಇನ್ನು ನಿಧಿಯ ಆಸೆಗೆ ನೆಲ ಅಗೆಯುವವರು. ನಮ್ಮ ಸೀಮೆಯ ಎಷ್ಟೋ ಹಾಳು ಗುಡಿಗಳ ಲಿಂಗ, ಬಸವಣ್ಣ ಕಿತ್ತುಹೋದದ್ದು ಇವರಿಂದಲೇ. ಹೊಸದಾಗಿ ಅಗೆದ ಗುಂಡಿ ಕಂಡರೆ 112ಕ್ಕೆ ತಿಳಿಸಿ, ನೀವಾಗಿ ಜಗಳಕ್ಕೆ ಇಳಿಯಬೇಡಿ.

• ಕೋಟೆ ಇಳಿದ ಮೇಲೆ ಅಶೋಕನ ಶಾಸನ ನೋಡದೆ ಊರು ಬಿಡಬೇಡಿ. ಕೋಟೆಗಿಂತ ಇದು ಬಹಳ ಹಿಂದಿನದು, ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು. ಗವಿಮಠದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು, ಎರಡೂ ಬ್ರಾಹ್ಮಿ ಲಿಪಿಯಲ್ಲಿವೆ, ಭಾಷೆ ಪ್ರಾಕೃತ. ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1931ರಲ್ಲಿ. ಪಾಲ್ಕಿಗುಂಡಿನ ಬಳಿಯೇ ಜಟಾಸಿಂಹನಂದಿ ಆಚಾರ್ಯರ ಪಾದದ ಗುರುತನ್ನು ಚಾವಯ್ಯ ಎಂಬುವನು ಮಾಡಿಸಿದ ಶಾಸನವೂ ಇದೆ. ಸಂಸ್ಕೃತದ ವರಾಂಗಚರಿತ ಬರೆದ ಜೈನ ಕವಿ ಅವರು. ಕೊಪಣ ಎಂಬ ಹೆಸರಿನಲ್ಲಿ ಈ ಊರು ಜೈನರಿಗೆ ಮಹಾತೀರ್ಥವಾಗಿತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಅಶೋಕನ ಅಕ್ಷರಗಳ ಮೇಲೆ ಸೀಮೆಸುಣ್ಣ ತಿಕ್ಕಿ ಫೋಟೊ ತೆಗೆಯುವ ದುರಭ್ಯಾಸ ಬಿಡಿ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಇಂಥ ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

• ಹಸಿವಾದವರು ಪೇಟೆಗೆ ಬಂದು ಮೊದಲು ಒಗ್ಗರಣಿ, ಮಿರ್ಚಿ ತಿನ್ನಿ. ಮಧ್ಯಾಹ್ನ ಖಾನಾವಳಿ ಹುಡುಕಿ, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನಿ, ಕಾಳುಪಲ್ಯ, ಮೊಸರು ಕೇಳಿ. ಖಾರ ಊಟಕ್ಕೆ ಒಗ್ಗದವರು ಮೊದಲೇ ಹೇಳಿದರೆ ಶೇಂಗಾ ಹಿಂಡಿ ಬದಲು ಬೆಲ್ಲ, ತುಪ್ಪ ಕೊಡುತ್ತಾರೆ.

• ಇನ್ನೊಂದು ದಿನ ಕೈಯಲ್ಲಿದ್ದರೆ ದಿಕ್ಕು ಆರಿಸಿಕೊಳ್ಳಿ, ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ. ಪಡುವಣ ದಿಕ್ಕಿಗೆ ಇಟಗಿಯ ಮಹಾದೇವ ದೇವಾಲಯ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಅಲ್ಲಿಯ ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ, ಕಂಬಗಳ ನುಣುಪು ಕಂಡವರು ಆ ಬಿರುದನ್ನು ಒಪ್ಪುತ್ತಾರೆ. ಅದೇ ಕಡೆ ಕುಕನೂರಿನಲ್ಲಿ ನವಲಿಂಗ ಗುಡಿ, ಮಹಾಮಾಯಿ ಗುಡಿ. ಕಿನ್ನಾಳಕ್ಕೆ ಹೋದರೆ ಚಿತ್ರಗಾರರ ಮನೆಯಲ್ಲಿ ಹಗುರ ಕಟ್ಟಿಗೆಯ ಬಣ್ಣದ ಗೊಂಬೆ ತಯಾರಾಗುವುದನ್ನು ನೋಡಿ, ಚೌಕಾಸಿ ಮಾಡದೆ ಒಂದನ್ನಾದರೂ ಕೊಳ್ಳಿ. ಗಂಗಾವತಿ ಕಡೆ ಆನೆಗೊಂದಿಯ ಕೋಟೆ, ಹಿರೇಬೆಣಕಲ್ಲಿನ ಕಲ್ಲುಗೋರಿಗಳು. ಹಿರೇಬೆಣಕಲ್ಲಿಗೆ ಗುಡ್ಡ ನಡೆಯಬೇಕು, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಕುಷ್ಟಗಿ ಕಡೆಯ ಕಬ್ಬರಗಿ ಕಪಿಲತೀರ್ಥ ಜಲಪಾತಕ್ಕೆ ಮಳೆ ಚೆನ್ನಾಗಿ ಆದ ಮೇಲಷ್ಟೇ ಹೋಗಿ, ಬೇಸಿಗೆಯಲ್ಲಿ ಬರಿ ಕಲ್ಲು.

• ಹೊರಡುವ ಹಿಂದಿನ ದಿನ ಮೂರು ಸಂಗತಿ ವಿಚಾರಿಸಿ: ಕೋಟೆ ತೆರೆದಿದೆಯೇ, ದುರಸ್ತಿ ಕೆಲಸ ನಡೆದಿದೆಯೇ, ಡ್ರೋನ್ ತರುವವರಾದರೆ ಅನುಮತಿ ಯಾರದು. ಹತ್ತಲು ಹೋಗುತ್ತಿದ್ದೇವೆ, ಇಷ್ಟು ಹೊತ್ತಿಗೆ ಇಳಿಯುತ್ತೇವೆ ಎಂದು ಮನೆಯಲ್ಲೋ ಲಾಡ್ಜಿನಲ್ಲೋ ಹೇಳಿಯೇ ಹೋಗಿ.

• ಕೊನೆಯ ಮಾತು ನಮ್ಮ ಜಿಲ್ಲೆಯ ಮೇಷ್ಟ್ರುಗಳಿಗೆ, ಅಕ್ಕೋರಿಗೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸಾಲಿ ಮಕ್ಕಳು ಪ್ರವಾಸ ಎಂದರೆ ಮೈಸೂರಿನ ಅರಮನೆ, ವಿಜಯಪುರದ ಗೋಳಗುಮ್ಮಟ ನೋಡಿ ಬರುತ್ತಾರೆ. ನೋಡಲಿ, ಒಳ್ಳೆಯದೇ. ಅದಕ್ಕೆ ಮುಂಚೆ ಡಿಸೆಂಬರಿನ ಒಂದು ಶನಿವಾರ ಮುಂಜಾನೆ ಏಳನೆಯ ತರಗತಿಯವರನ್ನು ಈ ಕೋಟೆಗೆ ಕರೆತನ್ನಿ. ಖರ್ಚು ಬಸ್ ಚಾರ್ಜಿನಷ್ಟೇ. ಹತ್ತು ಮಕ್ಕಳಿಗೊಬ್ಬರು ದೊಡ್ಡವರಿರಲಿ, ಎಲ್ಲರ ಚೀಲದಲ್ಲಿ ನೀರಿರಲಿ, ಪ್ರತಿ ತಂಡದ ಕೈಯಲ್ಲಿ ಕಸ ತುಂಬಲು ಒಂದು ಖಾಲಿ ಚೀಲವಿರಲಿ. ಮುಂಡರಗಿ ಭೀಮರಾಯನ ಪಾಠವನ್ನು ಆತ ಮಡಿದ ನೆಲದ ಮೇಲೆಯೇ ಕೂರಿಸಿ ಹೇಳಿ. ಈ ವರ್ಷವೇ ಕರೆತನ್ನಿ.